ಸೀಕ್ರೆಟ್ ಆಫ್ ಮಾನಾ: ಮ್ಯಾಜಿಕ್ ಕೈಗೆ ಬಂದ್ಮೇಲೆ ಕತ್ತಿ ಯಾಕೆ ಬೇಕು?

ಮಬ್ಬುಗತ್ತಿ

ಸೀಕ್ರೆಟ್ ಆಫ್ ಮಾನಾ ಇನ್ನೊಂದ್ಸಲ ಪೂರ್ತಿ ಆಡಿ ಮುಗಿಸ್ದೆ, ಸೂಪರ್ ನಿಂಟೆಂಡೋದ 1993ರ ಒರಿಜಿನಲ್ಲು, 2018ರ ತ್ರೀಡಿ ರೀಮೇಕ್ ಅಲ್ಲ. ಇದ್ರ ಬಗ್ಗೆ ಎಲ್ಲಿ ಮಾತು ಬಂದ್ರೂ ಮ್ಯೂಸಿಕ್ ಸೂಪರ್, ಬಣ್ಣ ಸೂಪರ್, ಹೀರೋ, ಹುಡುಗಿ, ಸ್ಪ್ರೈಟ್ ಅನ್ನೋ ಪುಟ್ಟ ಮಾಯಾಜೀವಿ ಅಂತ ಮೂರು ಪಾತ್ರ ಹಿಡಿದು ಮೂರು ಜನ ಒಟ್ಟಿಗೆ ಆಡ್ಬೋದು, ಅಲ್ಲಿಗೆ ಮುಗೀತು. ಫೈಟಿಂಗ್ ಬಗ್ಗೆ ಯಾರೂ ಬಾಯೇ ಬಿಡಲ್ಲ.

ನನ್ನ ತಕರಾರು ಏನಂದ್ರೆ ಈ ಗೇಮು ಶುರುವಿನಲ್ಲಿ ಕಷ್ಟಪಟ್ಟು ಒಂದು ಆಟ ಕಲಿಸತ್ತೆ, ಆಮೇಲೆ ತಾನೇ ಅದನ್ನ ಕೆಡಿಸತ್ತೆ. ಕತ್ತಿ ಒಂದ್ಸಲ ಬೀಸಿದ್ರೆ ಕೆಳಗಿರೋ ಪರ್ಸೆಂಟ್ ಮೀಟರ್ ಬಿದ್ದೋಗತ್ತೆ, ವಾಪಸ್ 100 ಆಗೋಕೆ ಒಂದೆರಡು ಸೆಕೆಂಡು ಬೇಕು, ಅಷ್ಟರಲ್ಲಿ ಅವಸರ ಮಾಡಿ ಬೀಸಿದ್ರೆ ಏಟೇನೋ ಬೀಳತ್ತೆ ಆದ್ರೆ ಡ್ಯಾಮೇಜು ಚಿಲ್ಲರೆ. ಹಂಗಾಗಿ ಬಟನ್ ಕುಟ್ಟೋದು ಬಿಟ್ಟು ಹೊಡಿಯೋದು, ಹಿಂದೆ ಸರಿಯೋದು, ಸುತ್ತು ಹಾಕೋದು, 100 ಆದ್ಮೇಲೆ ಮತ್ತೆ ನುಗ್ಗೋದು. ಮಾಟಗಾತಿ ಕೋಟೆಯಲ್ಲಿ ಸ್ಪೈಕಿ ಟೈಗರ್ ಅನ್ನೋ ಬಾಸ್, ಅಂದ್ರೆ ದೊಡ್ಡ ಶತ್ರು, ಬರ್ತಾನಲ್ಲ, ಆಗಿನ್ನೂ ಯಾರ ಹತ್ರಾನೂ ಮ್ಯಾಜಿಕ್ ಇರಲ್ಲ, ಅವನು ಉರುಳ್ಕೊಂಡು ಬರ್ತಾನೆ, ಪಕ್ಕದ ಕಟ್ಟೆ ಮೇಲೆ ಹಾರಿ ಕೂತು ಬೆಂಕಿ ಉಗುಳ್ತಾನೆ, ಕೆಳಗೆ ಇಳಿದಾಗ ನಿಮ್ಮ ಮೀಟರ್ 100 ಇದ್ರೆ ಬದುಕಿದ್ರಿ, 40 ಇದ್ರೆ ಅವಕಾಶ ಹೋಯ್ತು. ಬೆವರು ಇಳಿಸ್ತಾನೆ ನನ್ಮಗ. ಇಡೀ ಗೇಮಲ್ಲಿ ನನಗೆ ಅತಿ ಇಷ್ಟವಾದ ಫೈಟ್ ಅದೇ.

ಅದಾಗಿ ಸ್ವಲ್ಪ ಹೊತ್ತಿಗೆ ಉಂಡೀನ್ ಸಿಗತ್ತೆ, ಅದರ ಬೆನ್ನಿಗೇ ನೋಮ್, ಇವು ಮ್ಯಾಜಿಕ್ ಕೊಡೋ ಎಲಿಮೆಂಟಲ್‌ಗಳು, ಅಂದ್ರೆ ನೀರು, ನೆಲದಂಥ ಶಕ್ತಿಗಳ ದೇವತೆಗಳು. ಅಲ್ಲಿಂದ ಆಚೆಗೆ ಪ್ರತಿ ಬಾಸ್ ಹತ್ರಾನೂ ಒಂದೇ ಕೆಲಸ, ರಿಂಗ್ ಮೆನು ತೆಗಿ, ಸ್ಪ್ರೈಟ್ ಕೈಲಿ ಜೆಮ್ ಮಿಸೈಲ್ ಹಾಕ್ಸು, ಆ ಅನಿಮೇಷನ್ ಮುಗಿಯೋ ಮುಂಚೆ ಇನ್ನೊಂದು, ಅದು ಮುಗಿಯೋ ಮುಂಚೆ ಮತ್ತೊಂದು. ಬಾಸ್‌ಗೆ ತಲೆ ಎತ್ತೋಕೂ ಟೈಮ್ ಸಿಗಲ್ಲ, ನಿಂತಲ್ಲೇ ನಿಂತು ಸಾಯ್ತಾನೆ. ಮ್ಯಾಜಿಕ್ ಗುರಿ ತಪ್ಪೋದೇ ಇಲ್ಲ ಬೇರೆ. ಪರ್ಸೆಂಟ್ ಮೀಟರ್ ನೋಡ್ಕೊಂಡು ಕಾಲು ಹಾಕೋದು ಕಲ್ತಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಯಾರಾದ್ರೂ ಇದನ್ನ ಸಮರ್ಥನೆ ಮಾಡಿ ನೋಡೋಣ.

ಜಾಯ್‌ಸ್ಟಿಕ್_ಜಗ್ಗ

ಗುರೂ ನೀನು ಹೊಗಳ್ತಿರೋ ಆ ಮೀಟರೇ ನನಗೆ ಆಗಲ್ಲ. ನಾನು ಇದಕ್ಕೆ ಬಂದಿದ್ದು ಜೆಲ್ಡಾದ ಎ ಲಿಂಕ್ ಟು ದ ಪಾಸ್ಟ್ ಆಡಿದ್ಮೇಲೆ, ಅದು 1991ರದ್ದು, ಇದಕ್ಕಿಂತ ಎರಡು ವರ್ಷ ಹಳೇದು, ಅಲ್ಲಿ ಕತ್ತಿ ತಾಗಿದ್ರೆ ತಾಗ್ತು ಅಷ್ಟೇ, ವಾದವೇ ಇಲ್ಲ. ಇಲ್ಲಿ ಕತ್ತಿ ಆ ಮೊಲದಂಥ ರ‍್ಯಾಬೈಟ್ ಮೈಮೇಲೆ ಹಾದು ಹೋಗೋದು ಕಣ್ಣಾರೆ ಕಾಣತ್ತೆ, ಮೀಟರ್ ಕೂಡ 100 ಇದೆ, ಆದ್ರೂ ಏಟು ತಗಲಿಲ್ಲ ಅನ್ನತ್ತೆ. ಯಾಕ್ ಸ್ವಾಮಿ? ಇನ್ನು ತಗಲಿದ್ರೂ ನಂಬರ್ ಬರೋದು ಒಂದು ಗಳಿಗೆ ಬಿಟ್ಟು, ಅಷ್ಟರಲ್ಲಿ ಅದು ಸತ್ತಿಲ್ವೇನೋ ಅಂತ ನಾನು ಇನ್ನೊಂದು ಬೀಸಿರ್ತೀನಿ, ಮೀಟರ್ ಮತ್ತೆ ಸೊನ್ನೆ. ಅದಕ್ಕೇ ಮ್ಯಾಜಿಕ್ ಬಂದಾಗ ನನಗೆ ಹೋದ ಜೀವ ಬಂದಂಗಾಯ್ತು, ಹಾಕಿದ್ರೆ ತಗಲತ್ತೆ ಅನ್ನೋ ಗ್ಯಾರಂಟಿ ಆದ್ರೂ ಇದೆ.

ಏಟು ತಿಂದಾಗಿನ ಕಥೆ ಇನ್ನೂ ಚಂದ. ಒಂದು ಬಿತ್ತು, ಹೀರೋ ನೆಲಕ್ಕೆ ಬಿದ್ದ, ಏಳೋ ಹೊತ್ತಿಗೆ ಇನ್ನೊಬ್ಬ ಮ್ಯಾಜಿಕ್ ಹಾಕ್ದ, ಹಿಮದ ಗೊಂಬೆ ಆಗೋದ, ಅದು ಬಿಡೋ ಹೊತ್ತಿಗೆ ಯಾರೋ ಮೂಗಲ್ ಅನ್ನೋ ಪುಟ್ಟ ಪ್ರಾಣಿ ಮಾಡಿಟ್ರು. ನನ್ನ ಕೈಲಿ ಕಂಟ್ರೋಲರ್ ಇರೋದು ಯಾಕೆ ಹಂಗಾದ್ರೆ.

ಸೇವ್‌ಪಾಯಿಂಟ್

ಜಗ್ಗ ಅವ್ರೇ, ಯಾಕೆ ಅಂದ್ರಲ್ಲ, ಅದಕ್ಕೆ ಉತ್ತರ ಇದೆ. ಇದು ನೋಡೋಕೆ ಜೆಲ್ಡಾ, ಒಳಗೆ ಲೆಕ್ಕ ಪೂರ್ತಿ ಆರ್‌ಪಿಜಿದು, ಅಂದ್ರೆ ಅಂಕಿ, ಲೆವೆಲ್ ಮೇಲೆ ನಡೆಯೋ ಪಾತ್ರಾಭಿನಯದ ಆಟದ್ದು. ನಿಮ್ಮ ಕತ್ತಿ ತಾಗಿದೆಯಾ ಅಂತ ಚಿತ್ರ ನೋಡಿ ತೀರ್ಮಾನ ಮಾಡಲ್ಲ, ತಾಗಿದ್ಮೇಲೂ ನಿಮ್ಮ ಹಿಟ್ ಪರ್ಸೆಂಟ್ ಎಷ್ಟು, ಎದುರಿನವನ ಇವೇಡ್, ಅಂದ್ರೆ ತಪ್ಪಿಸ್ಕೊಳೋ ಶಕ್ತಿ, ಎಷ್ಟು ಅಂತ ದಾಳ ಉರುಳಿಸತ್ತೆ. ಇದರ ಬೇರು ಇರೋದು 1991ರ ಗೇಮ್ ಬಾಯ್ ಗೇಮಲ್ಲಿ, ಸೈಕೆನ್ ಡೆನ್ಸೆತ್ಸು (ಮಾನಾ ಸರಣಿಯ ಜಪಾನಿ ಹೆಸರು) ಸರಣಿಯ ಮೊದಲನೇದು, ಅಮೆರಿಕದಲ್ಲಿ ಫೈನಲ್ ಫ್ಯಾಂಟಸಿ ಅಡ್ವೆಂಚರ್ ಅಂತ ಬಂತು. ಅದರಲ್ಲೂ ಕೆಳಗೆ ತುಂಬೋ ಒಂದು ಪಟ್ಟಿ ಇತ್ತು, ತುಂಬಿದ್ಮೇಲೆ ಹೊಡೆದ್ರೆ ಜೋರು ಏಟು. ಅಂದ್ರೆ ಸರದಿ ಪ್ರಕಾರ ಹೊಡೆಯೋ ಆರ್‌ಪಿಜಿಯ ಸರದಿಯನ್ನೇ ಮೀಟರ್ ಮಾಡಿ ಇಟ್ಟಿದಾರೆ. ಹಂಗೆ ನೋಡಿದ್ರೆ ತಲೆಬಿಸಿ ಕಮ್ಮಿ ಆಗತ್ತೆ. ಹಿಂಸೆ ಕಮ್ಮಿ ಆಗಲ್ಲ, ಅದು ಬೇರೆ ಮಾತು.

ಮಬ್ಬುಗತ್ತಿ ಅವ್ರ ವಾದಕ್ಕೆ ನನ್ನದೊಂದು ಆಕ್ಷೇಪಣೆ. ನೀವು ಮ್ಯಾಜಿಕ್ ಅಂದ್ರೆ ಸ್ಪ್ರೈಟ್ ಹಾಕೋ ಅಟ್ಯಾಕ್ ಅಷ್ಟನ್ನೇ ಲೆಕ್ಕ ಹಿಡಿದ್ರಿ. ಆ ಹುಡುಗಿ ಹತ್ರ ಸೇಬರ್ ಮ್ಯಾಜಿಕ್ ಇದಾವಲ್ಲ, ಫ್ಲೇಮ್ ಸೇಬರ್, ಥಂಡರ್ ಸೇಬರ್, ಮೂನ್ ಸೇಬರ್, ಅವು ಆಯುಧಕ್ಕೆ ಹಚ್ಚೋವು. ಮೂನ್ ಸೇಬರ್ ಹಚ್ಚಿ ಹೊಡೆದ್ರೆ ಶತ್ರು ಹೆಚ್‌ಪಿ, ಅಂದ್ರೆ ಜೀವದ ಅಂಕ, ನಮಗೆ ಬರತ್ತೆ, ಹೀಲಿಂಗ್ ಯೋಚನೆಯೇ ಇಲ್ಲ. ಹಂಗೆ ಆಡಿದ್ರೆ ಕತ್ತಿ, ಈಟಿ, ಚಾವಟಿ ಎಲ್ಲಾ ಕೊನೇವರೆಗೂ ಕೆಲಸಕ್ಕೆ ಬರ್ತಾವೆ. ಗೇಮು ದಾರಿ ಕೊಟ್ಟಿದೆ, ನೀವು ಅಡ್ಡದಾರಿ ಹಿಡಿದು ಅಡ್ಡದಾರಿ ಸರಿಯಿಲ್ಲ ಅಂತಿದೀರಿ.

ಮಬ್ಬುಗತ್ತಿ

ಅಡ್ಡದಾರಿಯೇ ಹೈವೇ ಥರ ಅಗಲ ಇದ್ರೆ ಜನ ಅದರಲ್ಲೇ ಹೋಗೋದು ಮೇಡಮ್. ಸೇಬರ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಚಾರ್ಜ್ ಅಟ್ಯಾಕ್ ನೋಡಿ. ಆಯುಧ ಲೆವೆಲ್ ಏರಿದಷ್ಟೂ ಬಟನ್ ಒತ್ತಿ ಹಿಡ್ಕೊಂಡು ಇನ್ನೂ ದೊಡ್ಡ ಏಟು ಹೊಡೀಬೋದು ಅಂತ ಕೊಟ್ಟಿದಾರೆ, 8 ಲೆವೆಲ್‌ವರೆಗೂ. ಹಿಡ್ಕೊಂಡಷ್ಟು ಹೊತ್ತೂ ಆಮೆ ನಡಿಗೆ, ಮೇಲಿನ ಲೆವೆಲ್‌ಗೆ ಹೋದ್ರೆ ತುಂಬೋದು ಯಾವಾಗ ಅಂತ ಕಾಯ್ತಾ ನಿಂತ್ಕೋಬೇಕು, ಅಷ್ಟು ಹೊತ್ತಲ್ಲಿ ಸ್ಪ್ರೈಟ್ ಮೂರು ಮ್ಯಾಜಿಕ್ ಹಾಕಿರ್ತಾಳೆ, ಅಥವಾ ಹಾಕಿರ್ತಾನೆ, ಏನೋ ಒಂದು. ಎಂಟು ಆಯುಧ, ಒಂದೊಂದಕ್ಕೂ ಆರ್ಬ್ ಅನ್ನೋ ಗೋಲ ಹುಡುಕಿ ವಾಟ್ಸ್ ಅನ್ನೋ ಕಮ್ಮಾರನ ಹತ್ರ ಕುಲುಮೆಗೆ ಕೊಟ್ಟು ಬಡಿಸ್ಕೊಂಡು ಬರೋದು, ಆಮೇಲೆ ಆ ಆಯುಧದಲ್ಲೇ ಕೊಂದು ಕೊಂದು ಲೆವೆಲ್ ಏರಿಸೋದು, ಮೂರು ಜನಕ್ಕೂ ಬೇರೆ ಬೇರೆ. ಇಷ್ಟೆಲ್ಲ ಮಾಡಿ ಸಿಗೋದು ಮ್ಯಾಜಿಕ್‌ಗಿಂತ ನಿಧಾನದ ಏಟು.

ಚಾವಟಿ ಮಾತ್ರ ಬಿಡಿ, ಕಂಬಕ್ಕೆ ಸುತ್ತಿ ಹಳ್ಳ ದಾಟೋಕೆ ಬೇಕೇ ಬೇಕು. ಕೊಡಲಿ ಬಂಡೆ ಒಡೆಯೋಕೆ. ಆಯುಧಗಳಿಗೆ ಫೈಟಿಗಿಂತ ಓಡಾಟದಲ್ಲೇ ಮರ್ಯಾದೆ ಜಾಸ್ತಿ.

ಉತ್ತರದ_ಗಾಳಿ

ಏನ್ರೀ ಎಲ್ಲಾರೂ ಒಬ್ಬೊಬ್ಬರ ಕುಂತು ಆಡೀರೇನು? ಈ ಗೇಮ್ ಹಂಗ ಆಡೂದಲ್ರೀ. ಇಬ್ಬರಿಗೆ ಎರಡು ಕಂಟ್ರೋಲರ್ ಸಾಕು, ಮಲ್ಟಿಟ್ಯಾಪ್ ಅನ್ನೂ ಹೆಚ್ಚಿನ ಕಂಟ್ರೋಲರ್ ಜೋಡಿಸೂ ಡಬ್ಬಿ ಹಾಕಿದ್ರ ಮೂರೂ ಮಂದಿ, ಅದೂ ನಡುವ ಯಾವಾಗ ಬೇಕಾದ್ರೂ ಬರಬಹುದು ಯಾವಾಗ ಬೇಕಾದ್ರೂ ಎದ್ದು ಹೋಗಬಹುದು. 1993ರಾಗ ಪೂರಾ ಕಥಿ ಇರೋ ಆರ್‌ಪಿಜಿ ಒಳಗ ಇದು ಸಣ್ಣ ಮಾತಲ್ಲ. ಮೂರೂ ಮಂದಿ ಕೈಯಾಗ ಇದ್ದಾಗ ನೋಡ್ರಿ ಮಬ್ಬುಗತ್ತಿ ಅವರ, ಒಬ್ಬಾಂವ ಮ್ಯಾಜಿಕ್ ಹಾಕ್ತಾನ, ಉಳಿದವರು ಸುಮ್ಮನ ಕುಂದ್ರೂದಿಲ್ಲ, ಬಡೀತಾರ. ನೀವು ಹೇಳೂ ದುಃಖ ಅರ್ಧಕ್ಕರ್ಧ ಇಳೀತದ.

ಆದ್ರ ಕಂಪ್ಯೂಟರ್ ಕೈಗೆ ಕೊಟ್ರ ಆ ಇಬ್ಬರು ಅಂದ್ರ ಅಂದ್ರ… ಒಂದು ಗಿಡದ ಹಿಂದ ಸಿಕ್ಕೊಂಡ್ರು ಅಂದ್ರ ಮುಗೀತು, ಸ್ಕ್ರೀನ್ ಮುಂದ ಸರಿಯೂದ ಇಲ್ಲ, ಯಾಕಂದ್ರ ಮೂರೂ ಮಂದಿ ಸ್ಕ್ರೀನಿನ್ಯಾಗ ಇರಬೇಕು. ನೀವು ಹಿಂದಕ್ಕ ಬರಬೇಕು, ಸುತ್ತಿ ಹಾಕಬೇಕು, ಆ ಮಹಾಶಯರು ಗಿಡ ಬಿಟ್ಟು ಬಂದ ಮ್ಯಾಲೆ ಮುಂದ ಹೋಗಬೇಕು. ಮೆನುದಾಗ ಒಂದು ಚೌಕದ ಚಾರ್ಟ್ ಅದ, ಹತ್ರ ಹೋಗಿ ಹೊಡಿ, ದೂರ ನಿಲ್ಲು, ಕಾಯಿ ಅಂತೆಲ್ಲ ಸೆಟ್ ಮಾಡಬಹುದು. ಐಡಿಯಾ ಭಾರಿ. ಆದ್ರ ದಾರಿ ಹುಡುಕೂ ಬುದ್ಧಿ ಇಲ್ಲದವಗ ಹೆಂಗ ಹೊಡೀಬೇಕು ಅಂತ ಹೇಳಿ ಏನ್ ಉಪಯೋಗ?

ಜಾಯ್‌ಸ್ಟಿಕ್_ಜಗ್ಗ

ಹಹ್ಹಾ ಅದು ನಿಜ ಅಣ್ಣ. ಆದ್ರೆ ಮೂರು ಜನ ಆಡಿದಾಗ ಇನ್ನೊಂದು ಪೀಡೆ ಇದೆ, ಯಾರು ರಿಂಗ್ ತೆಗೆದ್ರೂ ಎಲ್ಲರ ಆಟ ನಿಂತೋಗತ್ತೆ. ನಾನು ಸರಿಯಾಗಿ ಏಟು ಹಾಕೋಕೆ ಹೋಗ್ತಿರ್ತೀನಿ, ನನ್ನ ತಮ್ಮ ಜೀವ ತುಂಬಿಸೋ ಕ್ಯಾಂಡಿ ಎಲ್ಲಿದೆ ಅಂತ ರಿಂಗ್ ತಿರುಗಿಸ್ತಾ ಕೂತಿರ್ತಾನೆ. ಜಗಳ ಶುರುವಾಗೋದೇ ಅಲ್ಲಿಂದ.

ಮಬ್ಬುಗತ್ತಿ

ರಿಂಗ್ ಮೆನು ಬಗ್ಗೆ ಮಾತ್ರ ನಾನು ಏನೂ ಕೇಳಿಸ್ಕೊಳಲ್ಲ. ಬೇರೆ ಆರ್‌ಪಿಜಿಗಳು ಪೂರ್ತಿ ಸ್ಕ್ರೀನ್ ನೀಲಿ ಡಬ್ಬಿ ಮಾಡಿ ಲಿಸ್ಟ್ ತೋರಿಸ್ತಿದ್ದ ಕಾಲದಲ್ಲಿ, ಇದು ಆಟ ಅಲ್ಲೇ ಕಾಣ್ತಾ ಇರೋ ಹಂಗೆ ಪಾತ್ರದ ಸುತ್ತಾನೇ ಐಕಾನ್ ತಿರುಗಿಸ್ತು, ಓದೋದೇ ಬೇಡ, ಚಿತ್ರ ನೋಡಿ ಒತ್ತೋದು. ಆಟ ನಿಲ್ಲತ್ತೆ ಸರಿ, ಆದ್ರೆ ನಿಲ್ಲದೇ ಇದ್ರೆ ನಿಮ್ಮ ತಮ್ಮ ಕ್ಯಾಂಡಿ ಹುಡುಕೋ ಹೊತ್ತಿಗೆ ಇಬ್ರೂ ಸತ್ತಿರ್ತಿದ್ರಿ.

ತಾಳತಪ್ಪಿದವ

ಮ್ಯೂಸಿಕ್ ಸೂಪರ್ ಅಂತ ಒಂದೇ ಪದದಲ್ಲಿ ಸಾಗಹಾಕಿದ್ರಲ್ಲ ಮೊದಲನೇ ಪೋಸ್ಟಲ್ಲಿ, ಅದಕ್ಕೆ ಬಂದೆ. ಹಿರೋಕಿ ಕಿಕುತಾಗೆ ಇದು ಮೊದಲನೇ ಗೇಮ್ ಮ್ಯೂಸಿಕ್ಕು, ನಂಬೋಕಾಗಲ್ಲ. ಆನ್ ಮಾಡಿದ ತಕ್ಷಣ ತಿಮಿಂಗಿಲ ಕೂಗಿದ ಹಂಗೆ ಒಂದು ಸೌಂಡು, ಆಮೇಲೆ ಪಿಯಾನೋ, ದೊಡ್ಡ ಮರ, ಬಿಳಿ ಹಕ್ಕಿಗಳು. ಆ ಮರದ ಚಿತ್ರದ ಮೂಲ ಹಿರೋ ಇಸೋನೋ ಅನ್ನೋ ಕಲಾವಿದರದ್ದು, ಡಬ್ಬಿ ಮೇಲೂ ಅದೇ. ಆಟದ ಒಳಗೆ ಕೆಲವು ಕಡೆ ಇಂಡೋನೇಷ್ಯಾದ ಗ್ಯಾಮೆಲಾನ್ ಥರದ ಲೋಹದ ತಾಳ ಬರತ್ತೆ, ಆಗಿನ ಫ್ಯಾಂಟಸಿ ಗೇಮುಗಳಲ್ಲಿ ಎಲ್ಲರೂ ಆರ್ಕೆಸ್ಟ್ರಾ ನಕಲು ಮಾಡ್ತಿದ್ದಾಗ ಇದು ಎಲ್ಲಿಂದಲೋ ಬಂದ ಹಂಗಿತ್ತು.

ಈಗ ದೋಷ ಹೇಳ್ತೀನಿ. ಸೂಪರ್ ನಿಂಟೆಂಡೋದಲ್ಲಿ ಒಟ್ಟು 8 ಸೌಂಡ್ ಚಾನೆಲ್, ಹಾಡಿಗೂ ಅದೇ, ಕತ್ತಿ ಸದ್ದಿಗೂ ಅದೇ. ಕಿಕುತಾ ಹಾಡುಗಳು ಚಾನೆಲ್‌ನೆಲ್ಲ ತುಂಬ್ಕೊಂಡು ಕೂತಿರ್ತಾವೆ, ಹಾಗಾಗಿ ಫೈಟ್ ಶುರುವಾಗಿ ಸದ್ದು ಜಾಸ್ತಿ ಆದಂಗೆಲ್ಲ ಹಾಡಿಂದ ಒಂದೊಂದು ವಾದ್ಯ ಉದುರೋಗತ್ತೆ. ಹೆಡ್‌ಫೋನ್ ಹಾಕ್ಕೊಂಡು ಯಾವುದಾದ್ರೂ ಬಾಸ್ ಫೈಟ್ ಕೇಳಿ, ಒಂದರ ಹಿಂದೆ ಒಂದು ಮ್ಯಾಜಿಕ್ ಹಾಕ್ತಾ ಹೋದ್ರೆ ಹಾಡಲ್ಲಿ ತೂತು ಬೀಳೋದು ಕೇಳಿಸತ್ತೆ. ಮಬ್ಬುಗತ್ತಿ ಅವರ ವಾದಕ್ಕೆ ನನ್ನ ಕಡೆಯಿಂದಾನೂ ಒಂದು ಸಾಕ್ಷಿ ಬರ್ಕೊಳಿ, ಮ್ಯಾಜಿಕ್ ಕತ್ತಿನಷ್ಟೇ ಅಲ್ಲ ಹಾಡನ್ನೂ ನುಂಗತ್ತೆ :)

ಹಳೇಕಾರ್ಟ್ರಿಜ್

ಈ ಗೇಮಿನ ಅರ್ಧ ರೋಗಕ್ಕೆ ಕಾರಣ ಅದರ ಜಾತಕದಲ್ಲೇ ಇದೆ. ಇದು ಕಾರ್ಟ್ರಿಜ್‌ಗೆ ಅಂತ ಹುಟ್ಟಿದ್ದೇ ಅಲ್ಲ. ಸೂಪರ್ ನಿಂಟೆಂಡೋಗೆ ಸಿಡಿ ಡ್ರೈವ್ ಬರೋದಿತ್ತು, ಸೋನಿ ಜೊತೆ ಸೇರಿ ಮಾಡ್ತಿದ್ರು, 1991ರಲ್ಲಿ ಆ ಸಂಬಂಧ ಮುರಿದುಬಿತ್ತು, ಕೊನೆಗೆ ಡ್ರೈವ್ ಬರಲೇ ಇಲ್ಲ. ಈ ಗೇಮ್ ಮಾಡಿದ ಸ್ಕ್ವೇರ್ ಕಂಪನಿಯವರು ಸಿಡಿಗೆ ಅಂತ ಯೋಚಿಸಿದ್ದ ಗೇಮನ್ನ 16 ಮೆಗಾಬಿಟ್ ಕಾರ್ಟ್ರಿಜ್‌ಗೆ, ಅಂದ್ರೆ ಬರೀ 2 ಮೆಗಾಬೈಟ್‌ಗೆ ಇಳಿಸ್ಬೇಕಾಯ್ತು. ದೊಡ್ಡ ದೊಡ್ಡ ಭಾಗಕ್ಕೆ ಕತ್ತರಿ ಬಿತ್ತು ಅಂತ ನಿರ್ಮಾಪಕ ಹಿರೋಮಿಚಿ ತನಾಕಾ ಆಮೇಲೆ ಹೇಳಿದಾರೆ.

ಆ ಕತ್ತರಿ ಗುರುತು ಕಾಣೋದು ಫ್ಲಾಮ್ಮಿ, ಅಂದ್ರೆ ಹತ್ತಿ ಹಾರೋ ಡ್ರ್ಯಾಗನ್, ಸಿಕ್ಕಿದ್ಮೇಲೆ. ಅಲ್ಲಿವರೆಗೂ ಒಂದೊಂದು ಊರಿಗೂ ಒಂದು ಕಥೆ, ಕುಳ್ಳರ ಹಳ್ಳಿಯಲ್ಲಿ ಸ್ಪ್ರೈಟು ಸುಳ್ಳು ಹೇಳಿ ದುಡ್ಡು ಕೀಳೋ ನಾಟಕ, ಪಂಡೋರಾದಲ್ಲಿ ಜೀವ ಇಲ್ಲದವರ ಹಂಗೆ ನಿಂತಿರೋ ಜನ, ನಾಲ್ಕು ಋತುವಿನ ಕಾಡು. ಫ್ಲಾಮ್ಮಿ ಬಂದ್ಮೇಲೆ ಜೋಕ್ ಅನ್ನೋ ಮುನಿಯ ಗುಹೆಗೆ ಹೋಗು, ಅವನಿಲ್ಲ, ಆ ಅರಮನೆಗೆ ಹೋಗು ಅಂತಾರೆ, ಮುಗಿಸ್ಕೊಂಡು ವಾಪಸ್ ಬಾ, ಈಗಲೂ ಇಲ್ಲ, ಈ ಅರಮನೆಗೆ ಹೋಗು. ಬೆಳಕು, ಚಂದ್ರ, ಕತ್ತಲೆ ಎಲ್ಲ ಒಂದರ ಹಿಂದೆ ಒಂದು ಹಾಜರಿ ಹಾಕಿದ ಹಂಗೆ. ಆಕಾಶದಲ್ಲಿ ಹಾರೋದು ಮಾತ್ರ, ಆ ನೆಲ ವಾಲಿಕೊಂಡು ತಿರುಗೋದು, ಈಗಲೂ ಮೈ ಜುಮ್ ಅನ್ನತ್ತೆ. ಇಳಿದ್ರೆ ಕೆಳಗೆ ಮಾಡೋಕೆ ಏನೂ ಇಲ್ಲ ಅಷ್ಟೇ.

ಮಾತುಕತೆ ಬಗ್ಗೆ ಬೈಯೋರಿಗೆ ಒಂದು ವಿಷಯ. ಟೆಡ್ ವೂಲ್ಸಿ ಇಂಗ್ಲಿಷ್ ಬರೆದಿದ್ದು ಒಂದು ತಿಂಗಳ ಆಸುಪಾಸಲ್ಲಿ, ಅದೂ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಫಾಂಟು, ಡಬ್ಬಿಯಲ್ಲಿ ಹಿಡಿಸೋದೇ ನಾಲ್ಕು ಪದ. ಆ ಹುಡುಗಿ ತನ್ನ ಪ್ರಿಯಕರ ಡೈಲಕ್‌ನ ಹುಡುಕ್ಕೊಂಡು ಮನೆ ಬಿಟ್ಟು ಬಂದಿರೋ ನೋವೆಲ್ಲ ಆ ನಾಲ್ಕು ಪದದಲ್ಲೇ ಬರಬೇಕು. ಬಂದಿದೆ ಅನ್ನೋದೇ ನನಗೆ ಆಶ್ಚರ್ಯ.

ಜಾಯ್‌ಸ್ಟಿಕ್_ಜಗ್ಗ

ಸಿಡಿ ಕಥೆ ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಸರ್. ಅಂದ್ರೂ ಮ್ಯಾಜಿಕ್ ಬ್ಯಾಲೆನ್ಸ್ ಕೆಟ್ಟಿದ್ದಕ್ಕೆ ಸಿಡಿ ಕಾರಣ ಅಲ್ವಲ್ಲ.

ನಾನು ಇನ್ನೂ ಮ್ಯಾಜಿಕ್ ಪರವೇ. ಯಾಕಂದ್ರೆ ಅದು ಪುಕ್ಕಟೆ ಬರಲ್ಲ. ಒಂದೊಂದು ಎಲಿಮೆಂಟಲ್‌ಗೂ ಬೇರೆ ಬೇರೆ ಲೆವೆಲ್, ಹಾಕಿ ಹಾಕಿ ಏರಿಸ್ಬೇಕು, ಅದೂ ಅರಮನೆಗಳಲ್ಲಿರೋ ಮಾನಾ ಸೀಡ್ ಎಷ್ಟನ್ನ ಸೀಲ್ ಮಾಡಿದೀವೋ ಅಷ್ಟಕ್ಕೇ ಮಿತಿ. ಎಂಪಿ, ಅಂದ್ರೆ ಮ್ಯಾಜಿಕ್ ಅಂಕ, ಖಾಲಿ ಆದ್ರೆ ಫೇರಿ ವಾಲ್ನಟ್ ಬೇಕು, ಅದು ಜೇಬಲ್ಲಿ 4ಕ್ಕಿಂತ ಜಾಸ್ತಿ ಇಟ್ಕೊಳೋಕೇ ಬಿಡಲ್ಲ. ಹಂಗಾಗಿ ಬಾಸ್ ಮುಂದೆ ಎಷ್ಟು ಹಾಕ್ಬೋದು ಅಂತ ಮುಂಚೇನೇ ಲೆಕ್ಕ ಇಟ್ಕೊಂಡಿರ್ಬೇಕು. ಅದು ಸ್ಟ್ರಾಟಜಿ ಅಲ್ವಾ?

ಮಬ್ಬುಗತ್ತಿ

4ರ ಮಿತಿ ಬಗ್ಗೆ ಸರಿಯಾಗಿ ಹೇಳಿದ್ರಿ, ಈ ಗೇಮಿನ ಅತಿ ಒಳ್ಳೇ ರೂಲ್ ಅದೇ, ಅದಿಲ್ದೆ ಇದ್ರೆ ಇನ್ನೂ ಹಾಳಾಗ್ತಿತ್ತು. ಪೆಟ್ಟಿಗೆ ಕಷ್ಟಪಟ್ಟು ತೆಗೆದ್ರೆ ಒಳಗೆ ಕ್ಯಾಂಡಿ, ಆಗ್ಲೇ 4 ಇದೆ ಹಿಡಿಸಲ್ಲ ಅಂತ ಬಿಟ್ಟು ಹೋಗ್ಬೇಕಾದಾಗ ಮಾತ್ರ ಹೊಟ್ಟೆ ಉರಿಯತ್ತೆ.

ಆದ್ರೆ ಲೆವೆಲ್ ಏರಿಸೋದಿದೆಯಲ್ಲ, ಅದು ಸ್ಟ್ರಾಟಜಿ ಅಲ್ಲ, ಕೂಲಿ. ಛತ್ರದ ಪಕ್ಕ ನಿಂತು ಯಾವುದೋ ಬಡಪಾಯಿ ರ‍್ಯಾಬೈಟ್ ಮೇಲೆ ಇರೋ ಎಂಪಿಯನ್ನೆಲ್ಲ ಸುರಿ, ಒಳಗೆ ಹೋಗಿ ಮಲಗು, ಎದ್ದು ಬಾ, ಮತ್ತೆ ಸುರಿ. ಎಂಟು ಎಲಿಮೆಂಟಲ್, ಇಬ್ರು ಮ್ಯಾಜಿಕ್‌ನವರು. ಡ್ರೈಯಾಡ್ ಸಿಗೋದಂತೂ ಕಟ್ಟಕಡೆಗೆ, ಅದನ್ನ ಏರಿಸೋಕೆ ಅಂತಲೇ ಕಥೆ ನಿಲ್ಲಿಸಿ ಕೂತ್ಕೋಬೇಕು. ಪ್ರಪಂಚ ಮುಳುಗ್ತಾ ಇದೆ, ನಾನು ಮಲಗೆದ್ದು ಮಲಗೆದ್ದು ಹೂವು ಎರಚ್ತಾ ಇದೀನಿ.

ಸೇವ್‌ಪಾಯಿಂಟ್

(ಮುಂದೆ ಕ್ಲೈಮ್ಯಾಕ್ಸ್ ಬಗ್ಗೆ ಇದೆ, ಆಡದವರು ಈ ಪೋಸ್ಟ್ ಬಿಟ್ಟು ಮುಂದೆ ಹೋಗಿ)

ಕೊನೇ ಫೈಟ್ ಬಗ್ಗೆ ಯಾರೂ ಎತ್ತಲಿಲ್ಲ. ಮಾನಾ ಬೀಸ್ಟ್ ಎದುರು ಬಂದಾಗ ಅಲ್ಲಿವರೆಗೂ ಹಾಕ್ಕೊಂಡು ಬಂದ ಜೆಮ್ ಮಿಸೈಲು, ಲೂಸೆಂಟ್ ಬೀಮು ಯಾವುದನ್ನೂ ನಂಬ್ಕೊಳೋಕಾಗಲ್ಲ. ಹುಡುಗಿ, ಸ್ಪ್ರೈಟ್ ಇಬ್ರೂ ಸೇರಿ ಮಾನಾ ಮ್ಯಾಜಿಕ್ಕನ್ನ ಹೀರೋ ಕತ್ತಿಗೆ ಹಾಕ್ಬೇಕು, ಹೊಡೆಯೋದು ಕತ್ತಿ. ಮ್ಯಾಜಿಕ್‌ನವರಿಬ್ರೂ ಕತ್ತಿಯವನಿಗೆ ಬಲ ಕೊಡೋರು. ಅದೂ ಆ ಪ್ರಾಣಿ ಎಂಥದು, ಅದು ಸತ್ರೆ ಪ್ರಪಂಚದಲ್ಲಿ ಮಾನಾ ಅನ್ನೋ ಮಾಯಾಶಕ್ತಿನೇ ಇಲ್ಲ, ಮಾನಾ ಹೋದ್ರೆ ಸ್ಪ್ರೈಟೂ ಇರಲ್ಲ, ಅದು ಗೊತ್ತಿದ್ದೂ ಹೀರೋಗೆ ಹೊಡಿ ಅಂತ ಸ್ಪ್ರೈಟೇ ಹೇಳತ್ತೆ. ಇಡೀ ಗೇಮು ಯಾರ ಮ್ಯಾಜಿಕ್ ನಂಬ್ಕೊಂಡು ಬಾಸ್ ಕೊಂದ್ರೋ ಅವರನ್ನೇ ಕಳ್ಕೋತೀರಿ. ಮಬ್ಬುಗತ್ತಿ ಅವ್ರೇ, ನಿಮ್ಮ ಬ್ಯಾಲೆನ್ಸ್ ತಕರಾರನ್ನ ಕಥೆ ಕಡೆಯಿಂದ ನೋಡಿದ್ರೆ ಬೇರೆಯೇ ಕಾಣಲ್ವಾ? ಸ್ಪ್ರೈಟ್ ಇಲ್ದೆ ಒಂದು ಹೆಜ್ಜೆ ಇಡೋಕಾಗಲ್ಲ ಅನ್ನೋ ಹಂಗೆ ಮಾಡಿಟ್ಟಿದ್ದಕ್ಕೇ ಕೊನೇಲಿ ಅಷ್ಟು ಚುಚ್ಚೋದು.

ಮಬ್ಬುಗತ್ತಿ

ಇದು ಭಾರೀ ಚೆನ್ನಾಗಿದೆ, ನಾನು ಹಂಗೆ ನೋಡಿರ್ಲಿಲ್ಲ. ಕಥೆಗೆ ಪೂರ್ತಿ ಮಾರ್ಕ್ಸ್. ಆದ್ರೆ ಆಡೋನ ಕಡೆಯಿಂದ ನೋಡಿ, ಇಷ್ಟು ಹೊತ್ತೂ ಕತ್ತಿ ಮುಟ್ಬೇಡ ಮ್ಯಾಜಿಕ್ ಹಾಕು ಅಂದು ಕೊನೇ ಪರೀಕ್ಷೆಯಲ್ಲಿ ಕತ್ತಿ ಪ್ರಶ್ನೆ ಕೊಟ್ಟಂಗಾಯ್ತಲ್ಲ. ಕತ್ತಿ ಲೆವೆಲ್ ಏರಿಸದೇ ಬಂದವನು ಅಲ್ಲಿ ಮಾನಾ ಬೀಸ್ಟ್ ಮೇಲಿಂದ ಬೆಂಕಿ ಸುರಿಯೋದು ನೋಡ್ಕೊಂಡು ಹೀಲ್ ಮಾಡ್ಕೊಂಡು ನಿಂತಿರ್ಬೇಕು.

ಚಿಟ್ಟೆಬಿಲ್ಲು

ಎಲ್ಲ ಓದಿ ಆಡ್ಬೇಕು ಅನ್ನಿಸ್ತಿದೆ, ಸ್ಪಾಯ್ಲರ್ ಪೋಸ್ಟ್ ಬಿಟ್ಟೆ. ಯಾವ ವರ್ಷನ್ ತಗೊಳ್ಲಿ? 2018ರದ್ದು ನೋಡೋಕೆ ಹೊಸದಾಗಿದೆ. ಜೊತೆಗೆ ಆಡೋಕೆ ತಂಗಿ ಇದಾಳೆ.

ಹಳೇಕಾರ್ಟ್ರಿಜ್

ಸ್ವಿಚ್ ಇದ್ರೆ ಕಲೆಕ್ಷನ್ ಆಫ್ ಮಾನಾ, 2019ರಲ್ಲಿ ಜಪಾನಿನ ಆಚೆಗೆ ಬಂತು. ಒರಿಜಿನಲ್ ಹಂಗ್ಹಂಗೇ ಇದೆ, ಎಲ್ಲಿ ಬೇಕಾದ್ರೂ ಸೇವ್ ಮಾಡ್ಬೋದು, ಜೊತೆಗೆ ಸರಣಿಯ ಮೂರನೇ ಗೇಮೂ ಇಂಗ್ಲಿಷಲ್ಲಿ ಸಿಗತ್ತೆ, 1995ರಲ್ಲಿ ಜಪಾನಲ್ಲಿ ಬಂದಿದ್ದು ಅಲ್ಲಿವರೆಗೂ ಅಧಿಕೃತವಾಗಿ ಇಂಗ್ಲಿಷಿಗೆ ಬಂದೇ ಇರ್ಲಿಲ್ಲ. 2018ರ ರೀಮೇಕ್‌ನಲ್ಲಿ ಪಾತ್ರಗಳಿಗೆ ದನಿ ಕೊಟ್ಟಿದಾರೆ, ಆದ್ರೆ ಮಾತಾಡುವಾಗ ಬಾಯಿ ಅಲ್ಲಾಡಲ್ಲ, ಗೊಂಬೆಗಳ ಹತ್ರ ಮಾತಾಡಿದ ಹಂಗಿರತ್ತೆ. ಹಳೇ ಮ್ಯೂಸಿಕ್‌ಗೆ ಬದಲಾಯಿಸೋ ಆಪ್ಷನ್ ಇದೆ, ಅದೊಂದು ಪುಣ್ಯ.

ಉತ್ತರದ_ಗಾಳಿ

ತಂಗಿ ಇದ್ರ ಮತ್ತೇನ್ ಬೇಕ್ರೀ. ಸ್ಪ್ರೈಟ್ ಆಕಿ ಕೈಗ ಕೊಡ್ರಿ, ಒಂದು ಮ್ಯಾಜಿಕ್ ಹಾಕಿದ ಮ್ಯಾಲೆ ಬಾಸ್ ಏಳೂ ತನಕ ಇನ್ನೊಂದು ಹಾಕಬ್ಯಾಡ ಅಂತ ಮೊದಲ ಮಾತು ತಗೋರಿ. ಅದೊಂದು ರೂಲ್ ಇಟ್ಕೊಂಡ್ರ ಮಬ್ಬುಗತ್ತಿ ಅವರ ತಕರಾರೂ ಹೋತು. ಮೂರನೇದವ್ನ ಕಂಪ್ಯೂಟರಿಗೆ ಬಿಡ್ರಿ, ಬಿಲ್ಲು ಕೊಟ್ಟು ದೂರ ನಿಲ್ಲಸ್ರಿ.

ಜಾಯ್‌ಸ್ಟಿಕ್_ಜಗ್ಗ

ಆ ರೂಲ್ ಸ್ಪೈಕಿ ಟೈಗರ್ ತನಕ ಬೇಕಾಗಲ್ಲ, ಹಾಕೋಕೆ ಮ್ಯಾಜಿಕ್ಕೇ ಇರಲ್ವಲ್ಲ. ಅವನ ಹತ್ರ ಹೋಗೋ ಮುಂಚೆ ಕ್ಯಾಂಡಿ 4 ತುಂಬಿಸ್ಕೊಳಿ. ಬಾಗಿಲ ಒಳಗೆ ಹೋದ್ಮೇಲೆ ವಾಪಸ್ ಬರೋಕೆ ಬಿಡಲ್ಲ.